ರಗ್ಬಿ ಟೀಮ್ ಸೆಲೆಕ್ಷನ್ ಬಗ್ಗೆ ವಾದ ಮಾಡೋದು ಹೇಗೆ? 10ನೇ ನಂಬರ್ ಬಿಡಿ, 3ರಿಂದ ಶುರು ಮಾಡಿ

ಇಂಟರ್‌ನ್ಯಾಷನಲ್ ಮ್ಯಾಚ್ ಹತ್ರ ಬಂತು ಅಂದ್ರೆ ಸಾಕು, 10ನೇ ನಂಬರ್ ಜೆರ್ಸಿ ಯಾರಿಗೆ ಅಂತ ಕಿತ್ತಾಟ ಶುರು. ಆ ಜೆರ್ಸಿ ಹಾಕೋ ಫ್ಲೈ ಹಾಫ್, ಅಂದ್ರೆ ಆಟ ನಡೆಸೋನು, ಕಣ್ಣಿಗೆ ಕಾಣ್ತಾನೆ, ಕಿಕ್ ಹೊಡೀತಾನೆ, ಅವನ ಬಗ್ಗೆ ಯಾರು ಬೇಕಾದ್ರೂ ಮಾತಾಡಬಹುದು. ಆದ್ರೆ ನಿಮ್ಮ ವಾದದಲ್ಲಿ ಸ್ವಲ್ಪನಾದ್ರೂ ಹುರುಳಿರ್ಬೇಕು ಅಂದ್ರೆ ಒಂದು ರೂಲ್ ಇಟ್ಕೊಳ್ಳಿ: "ಇವನನ್ನ ಹಾಕಿ" ಅನ್ನೋ ಮುಂಚೆ ಯಾರನ್ನ ತೆಗೀತೀರಿ ಹೇಳ್ಬೇಕು, ತೆಗೆದ ಮೇಲೆ ಅವನು ಮಾಡ್ತಿದ್ದ ಕೆಲಸ ಯಾರ ತಲೆಗೆ ಬೀಳತ್ತೆ ಅಂತಾನೂ ಹೇಳ್ಬೇಕು. ಅದಕ್ಕೆ ಉತ್ತರ ಇಲ್ಲ ಅಂದ್ರೆ ನಿಮ್ಮ ಹತ್ರ ಇರೋದು ಫೇವರಿಟ್ ಆಟಗಾರರ ಪಟ್ಟಿ ಅಷ್ಟೇ.

ಮೊದ್ಲು ಒಂದು ಪೇಪರ್ ತಗೊಂಡು 23 ಹೆಸರು ಬರೀರಿ. ಆಟ ಶುರು ಮಾಡೋ 15 ಅಲ್ಲ, ಬೆಂಚ್‌ನಲ್ಲಿ ಕೂರೋ ಬದಲಿ ಆಟಗಾರರೂ ಸೇರಿ 23. ಬರೆಯೋ ಮುಂಚೆ ಯಾರ್ಯಾರು ಸಿಗ್ತಾರೆ ನೋಡ್ಕೊಳ್ಳಿ, ಯಾಕಂದ್ರೆ ಅರ್ಧ ವಾದ ಅಲ್ಲೇ ವೇಸ್ಟ್ ಆಗೋದು: ಗಾಯ ಆಗಿರೋರು, ತಲೆಗೆ ಪೆಟ್ಟು ಬಿದ್ದು ಪ್ರೋಟೋಕಾಲ್‌ನಲ್ಲಿ ಇರೋರು (ಪರೀಕ್ಷೆ ಮುಗಿಯೋವರೆಗೂ ಆಡೋ ಹಾಗಿಲ್ಲದೋರು), ಸಸ್ಪೆಂಡ್ ಆಗಿರೋರು, ಹೊರದೇಶದ ಕ್ಲಬ್‌ಗೆ ಆಡೋರು. ನ್ಯೂಜಿಲೆಂಡ್, ಇಂಗ್ಲೆಂಡ್ ತಮ್ಮ ದೇಶದಲ್ಲೇ ಆಡೋರನ್ನ ಮಾತ್ರ ತಗೋಳೋ ಪಾಲಿಸಿ ಇಟ್ಕೊಂಡಿವೆ, ದಕ್ಷಿಣ ಆಫ್ರಿಕಾಗೆ ಆ ತಲೆನೋವಿಲ್ಲ. ಇದನ್ನ ನೋಡದೆ ಫ್ರಾನ್ಸ್‌ನಲ್ಲಿ ಆಡ್ತಿರೋನನ್ನ ಇಂಗ್ಲೆಂಡ್ ಟೀಮ್‌ಗೆ ಸೇರಿಸಿ ಎರಡು ಗಂಟೆ ಜಗಳ ಆಡಿದ್ರೆ ಏನು ಬಂತು.

ಈಗ ಬೆಂಚ್. ಎಂಟು ಜಾಗ ಇದೆ, ಅದರಲ್ಲಿ ಮೂರು ಆಗ್ಲೇ ಹೋಯ್ತು ಅಂದ್ಕೊಳ್ಳಿ, ಯಾಕಂದ್ರೆ ಸ್ಕ್ರಮ್‌ನ (ಎರಡೂ ಟೀಮ್‌ನ ಎಂಟೆಂಟು ಜನ ಬಿಗಿದುಕೊಂಡು ಬಾಲ್‌ಗಾಗಿ ತಳ್ಳಾಡೋದು) ಮೊದಲ ಸಾಲು ಫ್ರಂಟ್ ರೋ, ಅದರ ಮೂರು ಜಾಗಕ್ಕೂ, ಅಂದ್ರೆ ಎಡಕ್ಕೆ ಲೂಸ್‌ಹೆಡ್, ನಡುವೆ ಹುಕರ್, ಬಲಕ್ಕೆ ಟೈಟ್‌ಹೆಡ್, ಟ್ರೈನಿಂಗ್ ಇರೋ ಬದಲಿ ಆಟಗಾರ ಇರಲೇಬೇಕು, ಸ್ಕ್ರಮ್‌ನಲ್ಲಿ ಕುತ್ತಿಗೆಗೆ ಅಪಾಯ ಅಂತ ಮಾಡಿರೋ ನಿಯಮ ಅದು. ಉಳಿದ ಐದು ಜಾಗದಲ್ಲೇ ಕೋಚ್‌ನ ತಲೆ ಓಡೋದು, ನಿಮ್ಮ ವಾದನೂ ಅಲ್ಲೇ ಇರ್ಬೇಕು.

ಆದ್ರೆ ಅದಕ್ಕೂ ಮುಂಚೆ 3ನೇ ನಂಬರ್, ಅಂದ್ರೆ ಟೈಟ್‌ಹೆಡ್. ಟೈಟ್‌ಹೆಡ್ ಪ್ರಾಪ್ ಬಗ್ಗೆ ಯಾರೂ ಮಾತಾಡಲ್ಲ, ಅವನು ಬಿದ್ದಾಗ ಮಾತ್ರ ಎಲ್ಲರಿಗೂ ನೆನಪಾಗ್ತಾನೆ. 2019ರ ವರ್ಲ್ಡ್ ಕಪ್ ಫೈನಲ್ ನೋಡಿ, ಯೊಕೊಹಾಮಾದಲ್ಲಿ, ಇಂಗ್ಲೆಂಡ್‌ನ ಕೈಲ್ ಸಿಂಕ್ಲರ್ ತಲೆಗೆ ಪೆಟ್ಟು ಬಿದ್ದು ಆಟ ಶುರುವಾದ ಮೂರನೇ ನಿಮಿಷದಲ್ಲೇ ಹೊರಗೆ, ಕೊನೇಲಿ ಒಂದಿಷ್ಟು ಹೊತ್ತು ಆಡಬೇಕಿದ್ದ ಡ್ಯಾನ್ ಕೋಲ್ ಹೆಚ್ಚುಕಮ್ಮಿ ಪೂರ್ತಿ ಮ್ಯಾಚ್ ಆಡ್ಬೇಕಾಯ್ತು, ಎದುರಿಗೆ ದಕ್ಷಿಣ ಆಫ್ರಿಕಾದ ಪ್ರಾಪ್ ಟೆಂಡಾಯ್ ಮ್ತವಾರಿರಾ. ಸ್ಕ್ರಮ್ ಮೇಲೆ ಸ್ಕ್ರಮ್ ಪೆನಾಲ್ಟಿ ಹೋಯ್ತು, ದಕ್ಷಿಣ ಆಫ್ರಿಕಾದ ಫ್ಲೈ ಹಾಫ್ ಹ್ಯಾಂಡ್ರೆ ಪೊಲಾರ್ಡ್ ಒಬ್ಬನೇ ಕಿಕ್ ಹೊಡೆದು 22 ಪಾಯಿಂಟ್ ಮಾಡ್ದ, 32-12ರಲ್ಲಿ ಇಂಗ್ಲೆಂಡ್ ಸೋಲ್ತು. ಹಾಗಾಗಿ ವಾದ ಮಾಡುವಾಗ "ನಮ್ಮ ಎರಡನೇ ಟೈಟ್‌ಹೆಡ್ 75 ನಿಮಿಷ ತಡ್ಕೋತಾನಾ?" ಅಂತ ಕೇಳಿ ನೋಡಿ, ಎದುರಿಗಿರೋರು ಅರ್ಧ ನಿಮಿಷ ಸುಮ್ನಾಗ್ತಾರೆ.

ಅಲ್ಲಿಂದ 6, 7, 8ಕ್ಕೆ ಬನ್ನಿ, ಅಂದ್ರೆ ಇಬ್ಬರು ಫ್ಲ್ಯಾಂಕರ್ ಮತ್ತು ಸ್ಕ್ರಮ್‌ನ ಕೊನೇಲಿ ನಿಲ್ಲೋನು. ಈ ಮೂವರನ್ನ ಒಂದೇ ಸೆಲೆಕ್ಷನ್ ಅಂತ ನೋಡ್ಬೇಕು, ಬೇರೆ ಬೇರೆಯಾಗಿ ಅಲ್ಲ. ಬ್ರೇಕ್‌ಡೌನ್‌ನಲ್ಲಿ (ಟ್ಯಾಕಲ್ ಆದ್ಮೇಲೆ ನೆಲದ ಮೇಲಿನ ಬಾಲ್‌ಗೆ ಕಿತ್ತಾಟ) ಬಾಲ್ ಕಿತ್ಕೊಳ್ಳೋನು ಬೇಕು, ಲೈನ್‌ಔಟ್‌ನಲ್ಲಿ (ಗೆರೆ ಆಚೆಯಿಂದ ಎಸೆದ ಬಾಲ್ ಹಿಡಿಯೋದು) ಎಗರೋನು ಬೇಕು, ಬಾಲ್ ಹಿಡ್ಕೊಂಡು ಜನರ ಮಧ್ಯೆ ನುಗ್ಗೋನು ಬೇಕು, ಮೂರು ಕೆಲಸಕ್ಕೂ ಆಳಿದ್ರೆ ಸರಿ. 2019ರ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಲೈನ್‌ಔಟ್‌ಗೆ ಬಲ ಬೇಕು ಅಂತ ಲಾಕ್ (ಸ್ಕ್ರಮ್‌ನ ಎರಡನೇ ಸಾಲು) ಆಡೋ ಸ್ಕಾಟ್ ಬ್ಯಾರೆಟ್‌ನ 6ಕ್ಕೆ ಹಾಕಿ ಫ್ಲ್ಯಾಂಕರ್ ಸ್ಯಾಮ್ ಕೇನ್‌ನ ಬೆಂಚ್‌ನಲ್ಲಿ ಕೂರಿಸ್ತು. ಇಂಗ್ಲೆಂಡ್ ಟಾಮ್ ಕರಿ, ಸ್ಯಾಮ್ ಅಂಡರ್‌ಹಿಲ್ ಇಬ್ರನ್ನೂ ಒಟ್ಟಿಗೆ ಆಡಿಸ್ತು, ಇಬ್ರೂ ನೆಲದ ಮೇಲಿನ ಬಾಲ್‌ಗೆ ಹಸಿದ ತೋಳಗಳ ಥರ. ಹಾಫ್ ಟೈಮ್‌ಗೆ ಬ್ಯಾರೆಟ್ ಹೊರಗೆ ಕೇನ್ ಒಳಗೆ, ಅಷ್ಟೊತ್ತಿಗೆ ಆಟ ಇಂಗ್ಲೆಂಡ್ ಹಿಡಿತದಲ್ಲಿತ್ತು, ಕೊನೆಗೆ 19-7ರಲ್ಲಿ ಗೆದ್ರು. ನನ್ನ ಕೇಳಿದ್ರೆ ಬ್ಯಾರೆಟ್ ಆಟದಲ್ಲಿ ಏನೂ ತಪ್ಪಿರಲಿಲ್ಲ, ಅವನನ್ನ ಹಾಕಿ ಯಾವ ಕೆಲಸ ಕೈಬಿಟ್ರೋ ಅದು ತಪ್ಪು.

ಈಗ ಜಗಳಕ್ಕೆ ಒಳ್ಳೆ ಮೇವು, ಬೆಂಚ್ 5-3 ಇರ್ಬೇಕಾ, 6-2 ಇರ್ಬೇಕಾ, ಇಲ್ಲ 7-1ಆ? ಮೊದಲ ನಂಬರ್ ಫಾರ್ವರ್ಡ್‌ಗಳು (ಸ್ಕ್ರಮ್‌ನಲ್ಲಿ ತಳ್ಳೋರು, 1ರಿಂದ 8), ಎರಡನೇದು ಬ್ಯಾಕ್‌ಗಳು (ಹಿಂದೆ ನಿಂತು ಓಡೋರು, 9ರಿಂದ 15). ಫಾರ್ವರ್ಡ್ ಜಾಸ್ತಿ ಇದ್ರೆ ಸೆಕೆಂಡ್ ಹಾಫ್‌ನಲ್ಲಿ ಹೊಸ ಪ್ಯಾಕ್ ಇಳಿಸಿ ಎದುರಾಳಿಯನ್ನ ನುಗ್ಗುನುರಿ ಮಾಡಬಹುದು, ಆದ್ರೆ ಬ್ಯಾಕ್‌ಗಳಲ್ಲಿ ಇಬ್ಬರಿಗೆ ಏಟು ಬಿದ್ರೆ ಕಥೆ ಮುಗೀತು. 2024ರಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಐರ್ಲೆಂಡ್ 6-2 ಬೆಂಚ್ ಇಟ್ಕೊಂಡು ಬಂತು, ವಿಂಗರ್ ಕ್ಯಾಲ್ವಿನ್ ನ್ಯಾಶ್ ಬೇಗ ಹೊರಗೆ ಹೋದ, ಬದಲಿಗೆ ಬಂದ ಕಿಯರನ್ ಫ್ರಾಲಿನೂ ಹೊರಗೆ, ಆಮೇಲೆ ಸ್ಕ್ರಮ್ ಹಾಫ್ ಜೇಮಿಸನ್ ಗಿಬ್ಸನ್-ಪಾರ್ಕ್ ಹೋಗಿ ವಿಂಗ್‌ನಲ್ಲಿ ನಿಂತ್ಕೋಬೇಕಾಯ್ತು. ಮಾರ್ಕಸ್ ಸ್ಮಿತ್ ಕೊನೇ ಗಳಿಗೇಲಿ ಡ್ರಾಪ್ ಗೋಲ್ (ಬಾಲ್ ನೆಲಕ್ಕೆ ಬಿಟ್ಟು ಪುಟಿದಾಗ ಕಂಬಗಳ ಮಧ್ಯೆ ಒದೆಯೋದು) ಹೊಡೆದು ಇಂಗ್ಲೆಂಡ್ 23-22ರಲ್ಲಿ ಗೆಲ್ತು. ನಿಮಗೆ 6-2 ಬೇಕು ಅಂದ್ರೆ ಎರಡು ಮೂರು ಜಾಗದಲ್ಲಿ ಆಡಬಲ್ಲ ಬ್ಯಾಕ್ ಯಾರು ಅಂತ ಹೆಸರು ಹೇಳಿ, "ಮ್ಯಾನೇಜ್ ಮಾಡ್ಕೋತಾರೆ ಬಿಡಿ" ಅನ್ನಬೇಡಿ.

ಇದನ್ನೆಲ್ಲಾ ಮಾಡಿದ ಮೇಲೆ 10ನೇ ನಂಬರ್‌ಗೆ ಬನ್ನಿ, ಆಗ ಪ್ರಶ್ನೆನೇ ಬೇರೆ ಥರ ಕಾಣತ್ತೆ. 2023ರ ವರ್ಲ್ಡ್ ಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಮ್ಯಾನಿ ಲಿಬೊಕ್ ಕೈಯಲ್ಲಿ ಬಾಲ್ ಇದ್ರೆ ಮಜಾ, ಆದ್ರೆ ಗೋಲ್ ಕಿಕ್ ಬಗ್ಗೆ ಎಲ್ಲರಿಗೂ ಅನುಮಾನ, ಐರ್ಲೆಂಡ್ ಎದುರು 13-8ರಲ್ಲಿ ಸೋತಾಗ ಟೀಮ್ ಕಿಕ್‌ನಲ್ಲೇ 11 ಪಾಯಿಂಟ್ ಬಿಟ್ಟಿತ್ತು. ಆ ಮ್ಯಾಚ್‌ಗೂ ಮುಂಚೆನೇ ಹುಕರ್ ಮಾಲ್ಕಮ್ ಮಾರ್ಕ್ಸ್‌ಗೆ ಮಂಡಿ ಏಟಾಗಿ ಟೂರ್ನಮೆಂಟ್‌ನಿಂದಲೇ ಹೊರಬಿದ್ದ, ಅವನ ಜಾಗಕ್ಕೆ ಇನ್ನೊಬ್ಬ ಹುಕರ್ ಬದಲು ಫ್ಲೈ ಹಾಫ್ ಪೊಲಾರ್ಡ್‌ನ ಕರೆಸಿದ್ರು! ಫೈನಲ್‌ನಲ್ಲಿ ಏನಾಯ್ತು ಗೊತ್ತಲ್ಲ, ಬೊಂಗಿ ಎಂಬೊನಾಂಬಿ ಶುರುವಿನಲ್ಲೇ ಮಂಡಿ ಏಟಿಗೆ ಹೊರಗೆ, ಫ್ಲ್ಯಾಂಕರ್ ಆಗಿ ಹೆಚ್ಚು ಆಡ್ತಿದ್ದ 37 ವರ್ಷದ ಡಿಯಾನ್ ಫೌರಿ ಉಳಿದ ಆಟ ಪೂರ್ತಿ ಹುಕರ್, ಲೈನ್‌ಔಟ್ ತಡವರಿಸ್ತು. ಆದ್ರೆ 12-11ರಲ್ಲಿ ಗೆದ್ರು, ಆ 12 ಪಾಯಿಂಟೂ ಪೊಲಾರ್ಡ್‌ದೇ. ಇದು ಜಾಣತನನಾ ಜೂಜಾ ಅಂತ ಇವತ್ತಿಗೂ ವಾದ ಮಾಡಬಹುದು, ನಾನಂತೂ ಜೂಜು ಅಂತೀನಿ, ಗೆದ್ದ ಜೂಜು.

ಅಂಕಿಅಂಶ ತಂದು ಮುಖಕ್ಕೆ ಹಿಡಿಯೋರು ಬರ್ತಾರೆ, ಹೆದರಬೇಡಿ. "ನಮ್ಮ ಫ್ಲ್ಯಾಂಕರ್ 20 ಟ್ಯಾಕಲ್ ಮಾಡಿದ" ಅಂದ್ರೆ ಆ ಟೀಮ್ ಹತ್ರ ಬಾಲೇ ಇರಲಿಲ್ಲ ಅಂತಾನೂ ಆಗಬಹುದು. ಎಷ್ಟು ಮಿಸ್ ಮಾಡಿದ, ಟ್ಯಾಕಲ್ ಆದ್ಮೇಲೆ ಎದುರಾಳಿ ಮುಂದೆ ಬಿದ್ನಾ ಹಿಂದೆ ಬಿದ್ನಾ ಕೇಳಿ. ಕ್ಲಬ್ ಫಾರ್ಮ್ ವರ್ಸಸ್ ಕ್ಯಾಪ್ ಎಣಿಕೆ (ದೇಶಕ್ಕೆ ಎಷ್ಟು ಮ್ಯಾಚ್ ಆಡಿದಾನೆ) ಅನ್ನೋ ಹಳೇ ಜಗಳದಲ್ಲಿ ಮಾತ್ರ ನಾನು ಜೋಡಿ ಕಡೆ, 9 (ಸ್ಕ್ರಮ್ ಹಾಫ್) ಮತ್ತು 10 ಒಂದೇ ಕ್ಲಬ್‌ನೋರಾಗಿದ್ರೆ ಫಾರ್ಮ್ ಸ್ವಲ್ಪ ಕಮ್ಮಿ ಇದ್ರೂ ಪರ್ವಾಗಿಲ್ಲ. 12, 13ಕ್ಕೂ (ಇಬ್ಬರು ಸೆಂಟರ್‌ಗಳು) ಅಷ್ಟೇ, ಡಿಫೆನ್ಸ್‌ನಲ್ಲಿ ಆ ಇಬ್ಬರ ಮಧ್ಯೆ ಗ್ಯಾಪ್ ಬಿದ್ರೆ ಯಾವ ಸ್ಪೀಡಿನ ವಿಂಗರೂ ಮುಚ್ಚಕ್ಕಾಗಲ್ಲ.

ಟೀಮ್ ಅನೌನ್ಸ್ ಆದ್ಮೇಲೆ ನೀವು ಬರೆದ 23 ಪಕ್ಕದಲ್ಲಿಟ್ಟು ಬೇರೆ ಇರೋ ಹೆಸರುಗಳಿಗೆ ಮಾತ್ರ ಗುರುತು ಹಾಕಿ, ಕೋಚ್ ಯಾವ ಕೆಲಸಕ್ಕೋಸ್ಕರ ಅವನನ್ನ ತಗೊಂಡಿರಬಹುದು ಅಂತ ಪಕ್ಕದಲ್ಲಿ ಒಂದು ಲೈನ್ ಬರೀರಿ. ಮ್ಯಾಚ್ ನೋಡುವಾಗ 50ನೇ ನಿಮಿಷದ ಆಸುಪಾಸಿನಿಂದ ಬೆಂಚ್ ಯಾವಾಗ ಇಳೀತು, ಯಾರ ಬದಲಿಗೆ ಇಳೀತು ಅಂತ ಟೈಮ್ ಸಮೇತ ಗುರುತು ಮಾಡ್ಕೊಳ್ಳಿ, ಮುಂದಿನ ಮ್ಯಾಚ್‌ನ ವಾದಕ್ಕೆ ಆ ಪೇಪರೇ ಬೇಕಾಗೋದು.