ಊರ ಕಬಡ್ಡಿ ಪಂದ್ಯಾವಳಿ ಜಗಳವಿಲ್ಲದೆ ಮುಗಿಯಲು: ನಿಯಮ, ನಿರ್ಣಾಯಕರು, ತಂಡದ ಆಯ್ಕೆ

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆಗೋ ಉರುಸಿಗೋ ನಾಗರ ಪಂಚಮಿಗೋ ಕಬಡ್ಡಿ ಇಡುವುದು ಹೊಸದೇನಲ್ಲ. ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ, ಕುಷ್ಟಗಿ, ಯಲಬುರ್ಗಾ ಕಡೆ ಶಾಲೆಯ ಬಯಲಿನಲ್ಲಿ ಫೋಕಸ್ ಲೈಟು ಕಟ್ಟಿಕೊಂಡು, ರಾತ್ರಿಯಿಡೀ ಆಡಿಸುತ್ತಾರೆ. ಇಂತಹ ಪಂದ್ಯಗಳನ್ನು ನೋಡುತ್ತಲೇ ಬೆಳೆದ ನಾನು ಆಮೇಲೆ ಹಲವು ಪಂದ್ಯಾವಳಿಗಳ ಸಮಿತಿಯಲ್ಲಿ ಓಡಾಡಿದ್ದೇನೆ. ಜಗಳವಾದಾಗಲೆಲ್ಲ ಜನ ನಿರ್ಣಾಯಕರನ್ನೇ ಬೈಯುತ್ತಾರೆ. ಆದರೆ ನಾನು ಕಂಡ ಬಹುಪಾಲು ಜಗಳಗಳ ಬೇರು ಮೊದಲ ಸೀಟಿ ಊದುವ ಮುಂಚೆ ಸಮಿತಿಯವರು ತೀರ್ಮಾನ ಮಾಡದೆ ಬಿಟ್ಟ ಮಾತುಗಳಲ್ಲಿತ್ತು. ಮುಂದಿನ ಜಾತ್ರೆಗೆ ಕಬಡ್ಡಿ ಇಡಬೇಕೆಂದಿರುವ ಯುವಕ ಸಂಘಗಳಿಗೆ ಉಪಯೋಗವಾಗಲೆಂದು, ಏನನ್ನು ಯಾವಾಗ ತೀರ್ಮಾನಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಯಾವ ನಿಯಮ ಎಂಬುದನ್ನು ಮೊದಲು ಬರೆದಿಡಿ

ಎಲ್ಲಕ್ಕಿಂತ ಮೊದಲು, ನಿಮ್ಮ ಪಂದ್ಯಾವಳಿ ಯಾವ ನಿಯಮದ ಪ್ರಕಾರ ನಡೆಯುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಪ್ರವೇಶ ಫೀ ಕಟ್ಟುವ ಪ್ರತಿ ತಂಡದ ನಾಯಕನಿಗೂ ಒಂದು ಪ್ರತಿ ಕೊಟ್ಟು, ಅವನ ಸಹಿ ಪಡೆಯಬೇಕು. ಇದು ದೊಡ್ಡ ಊರಿನವರ ಆಡಂಬರವೆಂದು ಯಾರಾದರೂ ಹೇಳಿದರೆ, 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಮತ್ತು ಇರಾನ್ ನಡುವೆ ನಡೆದ ಪುರುಷರ ಫೈನಲ್ ಪಂದ್ಯವನ್ನು ನೆನಪಿಸಿ. ಅಂಕಗಳು 28-28 ಸಮನಾಗಿದ್ದು, ಎರಡು ನಿಮಿಷವೂ ಉಳಿದಿಲ್ಲದ ಹೊತ್ತಿನಲ್ಲಿ ಭಾರತದ ರೈಡರ್ (ಎದುರಾಳಿಯ ಕಡೆಗೆ ದಾಳಿ ಹೋಗುವವರು) ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಯಾರನ್ನಾದರೂ ಮುಟ್ಟಿದ ಮೇಲಷ್ಟೇ ಇಳಿಯಬಹುದಾದ ಅಂಕಣದ ಪಕ್ಕದ ಪಟ್ಟಿಗೆ, ಕಾಲಿಟ್ಟರು. ಅವರ ಬೆನ್ನ ಹಿಂದೆಯೇ ಇರಾನಿನ ಆಟಗಾರರೂ ಲಾಬಿಗೆ ಇಳಿದರು. ರೈಡರ್ ಒಬ್ಬನೇ ಔಟೋ, ಅವನ ಹಿಂದೆ ಲಾಬಿಗೆ ಬಂದವರೂ ಔಟೋ ಎಂಬುದಕ್ಕೆ ಹಳೆಯ ನಿಯಮ ಒಂದು ಉತ್ತರ ಕೊಡುತ್ತಿತ್ತು, ಹೊಸ ನಿಯಮ ಇನ್ನೊಂದು ಉತ್ತರ ಕೊಡುತ್ತಿತ್ತು. ತೀರ್ಪು ಬದಲಾಯಿತು, ಮತ್ತೆ ಬದಲಾಯಿತು, ಎರಡೂ ತಂಡದವರು ಅಂಕಣದಲ್ಲೇ ಕುಳಿತರು, ಸುಮಾರು ಒಂದು ತಾಸು ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತಾದರೂ, ಆ ಒಂದು ತಾಸನ್ನು ಯಾವ ಕಬಡ್ಡಿ ಅಭಿಮಾನಿಯೂ ಸಂತೋಷದಿಂದ ನೆನೆಯುವುದಿಲ್ಲ. ಅಂತಹ ಅಂಕಣದಲ್ಲೇ ಹಾಗಾದ ಮೇಲೆ, ಹತ್ತಾರು ಊರಿನ ತಂಡಗಳು ಸೇರುವ ನಮ್ಮ ಬಯಲಿನಲ್ಲಿ ಆಗದೆ ಇರುತ್ತದೆಯೇ?

ಆ ಹಾಳೆಯಲ್ಲಿ ಇಡೀ ನಿಯಮ ಪುಸ್ತಕವನ್ನು ಇಳಿಸಬೇಕಾಗಿಲ್ಲ. ಜಗಳ ಹುಟ್ಟುವ ಜಾಗಗಳಷ್ಟನ್ನೇ ಬರೆದರೆ ಸಾಕು. ಲಾಬಿಯ ವಿಷಯ ಮೊದಲನೆಯದು. ಎರಡನೆಯದು ದಾಳಿಯ ಸಮಯ: 30 ಸೆಕೆಂಡಿನ ಲೆಕ್ಕ ಇಡುತ್ತೀರೋ, ಇಲ್ಲವೇ ಹಳೆಯ ಪದ್ಧತಿಯಂತೆ ದಮ್ಮು ಇರುವ ತನಕ ಬಿಡುತ್ತೀರೋ ಎಂಬುದನ್ನು ಸ್ಪಷ್ಟಪಡಿಸಿ. ಸತತ ಎರಡು ಖಾಲಿ ದಾಳಿಗಳ ನಂತರದ ಮೂರನೆಯ ದಾಳಿಯಲ್ಲಿ ಅಂಕ ತರದಿದ್ದರೆ ರೈಡರ್ ಔಟ್ ಎಂಬ ‘ಡೂ ಆರ್ ಡೈ’ ನಿಯಮ ಇದೆಯೋ ಇಲ್ಲವೋ, ಅಂಕಣದಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ಜನರಿದ್ದಾಗ ಹಿಡಿದರೆ ‘ಸೂಪರ್ ಟ್ಯಾಕಲ್’ನ ಹೆಚ್ಚುವರಿ ಅಂಕ ಇದೆಯೋ ಇಲ್ಲವೋ ಎಂಬುದನ್ನೂ ಬರೆಯಬೇಕು. ಟಿವಿಯಲ್ಲಿ ಪ್ರೊ ಕಬಡ್ಡಿ ನೋಡಿ ಬೆಳೆದ ಹುಡುಗರು ಇವೆರಡೂ ಎಲ್ಲ ಕಡೆ ಇರುತ್ತವೆಂದೇ ನಂಬಿರುತ್ತಾರೆ. ರೈಡರ್ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಬೋನಸ್ ಅಂಕ ಎದುರು 6 ಅಥವಾ 7 ಜನರಿದ್ದಾಗ ಮಾತ್ರ ಎಂಬುದು ಎಲ್ಲರಿಗೂ ಗೊತ್ತಿರುವ ಮಾತಾದರೂ, ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು ಎಂಬುದನ್ನು ಮರೆತು ಕೂಗಾಡುವವರೇ ಹೆಚ್ಚು. ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಪಂದ್ಯ ಸಮನಾದರೆ ಏನು ಮಾಡುವುದು ಎಂಬುದು ನಮ್ಮ ಸಮಿತಿಗಳು ಸದಾ ಮರೆಯುವ ಸಂಗತಿ. ನಿಯಮ ಪುಸ್ತಕದ ದಾರಿ ಚೆನ್ನಾಗಿದೆ: ಎರಡೂ ತಂಡಗಳ 7 ಜನರೂ ಅಂಕಣದಲ್ಲೇ ಇರುತ್ತಾರೆ, ಪ್ರತಿ ತಂಡ ಬೇರೆ ಬೇರೆ ರೈಡರ್‌ಗಳಿಂದ 5 ದಾಳಿ ಮಾಡಿಸುತ್ತದೆ, ಔಟಾದವನು ಹೊರಗೆ ಹೋಗುವುದಿಲ್ಲ, ಅಂಕ ಮಾತ್ರ ಸೇರುತ್ತದೆ. ಅಲ್ಲಿಯೂ ಸಮನಾದರೆ ಟಾಸ್ ಗೆದ್ದವರಿಗೆ ಗೋಲ್ಡನ್ ರೈಡ್, ಅಂದರೆ ಗೆಲುವು ತೀರ್ಮಾನಿಸುವ ಒಂದು ದಾಳಿ. ಇದನ್ನು ಮೊದಲೇ ಹೇಳಿಟ್ಟರೆ, ನಡುರಾತ್ರಿ ಊರ ಹಿರಿಯರನ್ನು ಎಬ್ಬಿಸಿ ಪಂಚಾಯ್ತಿ ಕೂಡಿಸುವ ಪ್ರಸಂಗ ಬರುವುದಿಲ್ಲ.

ಅಂಕಣ ಮತ್ತು ಗೆರೆ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಆ ಅಗಲದಲ್ಲಿ ಎರಡೂ ಪಕ್ಕದ 1 ಮೀಟರಿನ ಲಾಬಿಗಳು ಸೇರಿವೆ. ಮಧ್ಯಗೆರೆಯಿಂದ ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಗೆರೆ ಇನ್ನೊಂದು ಮೀಟರ್. ಮಹಿಳೆಯರಿಗೆ 12 ಮೀಟರ್ ಉದ್ದ, 8 ಮೀಟರ್ ಅಗಲ. ಅಳತೆಯನ್ನು ಟೇಪು ಹಿಡಿದೇ ಹಾಕಬೇಕು. ಹೆಜ್ಜೆ ಎಣಿಸಿ ಹಾಕಿದ ಅಂಕಣದಲ್ಲಿ ಒಂದು ಕಡೆಯ ಬೋನಸ್ ಗೆರೆ ಅರ್ಧ ಅಡಿ ಹತ್ತಿರ ಬಂದಿದ್ದನ್ನು ನಾನೇ ಅಳೆದು ನೋಡಿದ್ದೇನೆ.

ಎರೆ ನೆಲದಲ್ಲಿ ಅಂಕಣ ಹಾಕಬೇಡಿ. ಒಣಗಿದರೆ ಬಿರುಕು ಬಿಟ್ಟು ಕಾಲು ತಿರುಚುತ್ತದೆ, ನೀರು ಬಿದ್ದರೆ ಅಂಟುತ್ತದೆ. ಮಸಾರಿ ಮಣ್ಣು ತರಿಸಿ, ಹರಳುಗಳನ್ನು ಆರಿಸಿ ತೆಗೆದು, ಎರಡು ಮೂರು ಸಂಜೆ ನೀರು ಹೊಡೆದು ಹದ ಮಾಡಿಕೊಳ್ಳಿ.

ಗೆರೆಯ ವಿಷಯದಲ್ಲಿ ನಾನು ಹಟಮಾರಿ. ಸುಣ್ಣದ ಪುಡಿಯಲ್ಲಿ ಹಾಕಿದ ಗೆರೆ ಹತ್ತು ದಾಳಿಗಳಲ್ಲಿ ಅಳಿಸಿಹೋಗುತ್ತದೆ, ಆಮೇಲೆ ನಿರ್ಣಾಯಕ ತನ್ನ ಮನಸ್ಸಿನಲ್ಲಿರುವ ಗೆರೆಯನ್ನು ನೋಡಿ ತೀರ್ಪು ಕೊಡುತ್ತಾನೆ, ಪ್ರೇಕ್ಷಕ ತನ್ನ ಮನಸ್ಸಿನಲ್ಲಿರುವ ಗೆರೆಯನ್ನು ನೋಡಿ ಬೈಯುತ್ತಾನೆ. ಪ್ರತಿ ಗೆರೆಯ ನೇರಕ್ಕೆ ಅಂಕಣದಿಂದ ದೂರದಲ್ಲಿ ಗೂಟ ಹುಗಿದಿಟ್ಟುಕೊಂಡು, ವಿರಾಮದ 5 ನಿಮಿಷದಲ್ಲಿ ಹಗ್ಗ ಎಳೆದು ಮತ್ತೆ ಸುಣ್ಣ ಹಾಕಲು ಇಬ್ಬರು ಹುಡುಗರನ್ನು ನೇಮಿಸಿ. ಆ ಕೆಲಸ ಬಿಟ್ಟು ಬೇರೆ ಯಾವುದನ್ನೂ ಅವರಿಗೆ ಹೇಳಬೇಡಿ. ಗೆರೆಯೂ ಅಂಕಣದ ಭಾಗವೇ, ಗೆರೆಯ ಮೇಲೆ ಕಾಲಿಟ್ಟವನು ಔಟಲ್ಲ, ಗೆರೆಯಾಚೆಯ ನೆಲ ಮುಟ್ಟಿದವನು ಔಟು ಎಂಬುದನ್ನು ಮೈಕಿನಲ್ಲಿ ಪಂದ್ಯಕ್ಕೊಮ್ಮೆ ಹೇಳಿಸಿ. ಜನರ ಅರ್ಧ ಕೂಗಾಟ ಈ ಒಂದು ಮಾತು ಗೊತ್ತಿಲ್ಲದೆ ಆಗುವಂಥದ್ದು.

ನಿರ್ಣಾಯಕರು ಒಬ್ಬರಲ್ಲ, ಆರು ಜನ

ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಬೇಕು. ನಮ್ಮಲ್ಲಿ ಅಕ್ಕಪಕ್ಕದ ಪ್ರೌಢಶಾಲೆಗಳ ದೈಹಿಕ ಶಿಕ್ಷಕರಿಬ್ಬರು ಸೀಟಿ ಹಿಡಿದು ಬರುತ್ತಾರೆ, ಉಳಿದ ಕೆಲಸಕ್ಕೆ ಸ್ಥಳದಲ್ಲಿ ಸಿಕ್ಕವರನ್ನು ಕೂರಿಸುತ್ತಾರೆ. ತಪ್ಪಾಗುವುದು ಅಲ್ಲಿಯೇ. ಅಂಪೈರುಗಳಿಬ್ಬರು ಮಧ್ಯಗೆರೆಯ ಎರಡು ತುದಿಗಳಲ್ಲಿ ನಿಂತು ಪಕ್ಕದ ಗೆರೆ, ಲಾಬಿ, ಮುಟ್ಟುವಿಕೆಗಳನ್ನು ನೋಡುತ್ತಿರುವಾಗ, ಹಿಂಬದಿಯ ಗೆರೆಯಾಚೆ ಯಾರಾದರೂ ಕಾಲಿಟ್ಟರೆ ಹೇಳಬೇಕಾದವರು ಸಹಾಯಕ ಸ್ಕೋರರುಗಳು. ಔಟಾದವರನ್ನು ಸಾಲಾಗಿ ಕೂರಿಸಿ, ಯಾರು ಮೊದಲು ಔಟಾದರು, ಯಾರು ಆಮೇಲೆ ಎಂದು ಬರೆದಿಟ್ಟುಕೊಳ್ಳುವ ಹೊಣೆಯೂ ಅವರದೇ. ಏಕೆಂದರೆ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಹೊರಗೆ ಕುಳಿತವರು ಔಟಾದ ಕ್ರಮದಲ್ಲಿಯೇ ಒಳಗೆ ಬರಬೇಕೆಂಬುದು ನಿಯಮ.

ಕೆಲವು ವರ್ಷಗಳ ಹಿಂದೆ ನದಿ ದಂಡೆಯ ಒಂದು ಊರಿನಲ್ಲಿ ನಡೆದ ಫೈನಲ್ ನನ್ನ ಕಣ್ಣ ಮುಂದೆ ಈಗಲೂ ಇದೆ. ರಾತ್ರಿ ಒಂದು ಗಂಟೆ ದಾಟಿತ್ತು. ಒಂದು ತಂಡದ ಮೂವರು ಹೊರಗೆ ಕುಳಿತಿದ್ದರು, ಅವರಲ್ಲಿ ಆ ತಂಡದ ಒಳ್ಳೆಯ ರೈಡರ್ ಕೊನೆಯದಾಗಿ ಔಟಾದವನು. ಒಳಗಿದ್ದ ನಾಲ್ವರು ಎದುರಾಳಿಯನ್ನು ಹಿಡಿದು ಒಂದು ಅಂಕ ಗಳಿಸಿದ ಕೂಡಲೇ ಮೊದಲು ಎದ್ದು ಒಳಗೆ ಓಡಿದವನು ಆ ರೈಡರ್. ಮೊದಲು ಔಟಾಗಿದ್ದ ಹುಡುಗ ಅರ್ಧ ಎದ್ದವನು ಮತ್ತೆ ಕುಳಿತ. ಎದುರಾಳಿಗಳು ತಕರಾರು ಎತ್ತಿದರು. ಸ್ಕೋರರ್ ಟಾರ್ಚು ಹಿಡಿದು ನೋಟ್‌ಬುಕ್ ತೆರೆದರೆ ಅದರಲ್ಲಿ ಅಂಕಗಳ ಗೀಟುಗಳಿದ್ದವೇ ಹೊರತು ಹೆಸರುಗಳೂ ಇರಲಿಲ್ಲ, ಕ್ರಮವೂ ಇರಲಿಲ್ಲ. ಆ ಸಮಿತಿಯಲ್ಲಿ ನಾನೂ ಇದ್ದೆ. ಸಹಾಯಕ ಸ್ಕೋರರನ್ನು ಕೂರಿಸುವುದು ನನಗೆ ವಹಿಸಿದ ಕೆಲಸವಾಗಿತ್ತು, ಊಟದ ಗಡಿಬಿಡಿಯಲ್ಲಿ ಬಿಟ್ಟಿದ್ದೆ. ಎರಡು ತಾಸು ವಾದವಾಗಿ, ಢಾಲನ್ನು (ಬಹುಮಾನದ ಫಲಕವನ್ನು) ಒಬ್ಬೊಬ್ಬರು ಆರಾರು ತಿಂಗಳು ಇಟ್ಟುಕೊಳ್ಳಲಿ ಎಂದು ಹಿರಿಯರು ತೀರ್ಮಾನ ಕೊಟ್ಟರು. ಆ ಎರಡು ಊರಿನ ಹುಡುಗರು ಆಮೇಲೆ ಮೂರು ವರ್ಷ ಒಂದೇ ಅಂಕಣಕ್ಕೆ ಬರಲಿಲ್ಲ.

ಆದ್ದರಿಂದ ಬನಿಯನ್ನಿನ ಮೇಲೆ ಕಣ್ಣಿಗೆ ಕಾಣುವ ಅಂಕಿ ಇಲ್ಲದ ಆಟಗಾರನನ್ನು ಒಳಗೆ ಬಿಡಬೇಡಿ, ಬಣ್ಣದಲ್ಲಿ ಬರೆಸಿದರೂ ನಡೆಯುತ್ತದೆ. ಪ್ರತಿ ತಂಡಕ್ಕೂ ಒಂದು ಹಾಳೆ ಇಟ್ಟು, ಔಟಾದವನ ಅಂಕಿಯನ್ನು ಕ್ರಮವಾಗಿ ಬರೆದು, ಒಳಗೆ ಬಂದವನ ಅಂಕಿಗೆ ಅಡ್ಡಗೀಟು ಎಳೆಯುತ್ತ ಹೋದರೆ ಸಾಕು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಈ ಕೆಲಸವನ್ನು ದೊಡ್ಡವರಿಗಿಂತ ಅಚ್ಚುಕಟ್ಟಾಗಿ ಮಾಡಿದ್ದನ್ನು ನಾನು ನೋಡಿದ್ದೇನೆ. ಆಡುತ್ತಿರುವ ಎರಡು ಊರಿನವರನ್ನು ಈ ಆರು ಸ್ಥಾನಗಳಲ್ಲಿ ಯಾವುದಕ್ಕೂ ಕೂರಿಸಬಾರದು.

ಹಿಡಿತದ ವಿಷಯದಲ್ಲಿ ನಿರ್ಣಾಯಕರು ಮೊದಲ ಪಂದ್ಯದಿಂದಲೇ ಬಿಗಿಯಾಗಿರಬೇಕು. ಕೂದಲು ಹಿಡಿಯುವುದು, ಬಾಯಿ ಮುಚ್ಚಿ ದಮ್ಮು ನಿಲ್ಲಿಸುವುದು, ಕಾಲುಗಳಿಂದ ಕತ್ತರಿ ಹಾಕುವುದು, ಬೇಕೆಂದೇ ಗೆರೆಯಾಚೆ ತಳ್ಳುವುದು, ಇವು ಯಾವುವೂ ಗಂಡಸುತನವಲ್ಲ, ತಪ್ಪುಗಳು. ಮೊದಲ ಸುತ್ತಿನಲ್ಲಿ ಬಿಟ್ಟುಕೊಟ್ಟ ನಿರ್ಣಾಯಕ ಫೈನಲ್ಲಿನಲ್ಲಿ ಹಿಡಿಯಹೋದರೆ ಅವನನ್ನೇ ಪಕ್ಷಪಾತಿ ಎನ್ನುತ್ತಾರೆ.

ತಕರಾರು ಹೇಳುವ ದಾರಿ

ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಗಳನ್ನು ನಾನು ಮೊಬೈಲಿನಲ್ಲಿ ನೋಡುತ್ತೇನೆ. 13 ಜನರ ತಂಡ, ಮೈಗೆ ಮೈ ತಾಗುವ ಹಿಡಿತ, 6 ಸಲ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ. ಕಬಡ್ಡಿ ಬಲ್ಲವನಿಗೆ ಆ ಆಟ ಬೇಗ ಒಲಿಯುತ್ತದೆ. ಅಲ್ಲಿನ ಮುಖ್ಯ ಲೀಗಿನಲ್ಲಿ 2020ರಿಂದ ನಾಯಕನಿಗೆ ತೀರ್ಪನ್ನು ಪ್ರಶ್ನಿಸುವ ಒಂದು ಅವಕಾಶವಿದೆ: ಪ್ರಶ್ನೆ ಸರಿಯಿದ್ದರೆ ಅವಕಾಶ ಉಳಿಯುತ್ತದೆ, ತಪ್ಪಾದರೆ ಕಳೆದುಹೋಗುತ್ತದೆ. ವಿಡಿಯೊ ಇಲ್ಲದ ನಮ್ಮ ಬಯಲಿಗೂ ಇದನ್ನು ಹೊಂದಿಸಿಕೊಳ್ಳಬಹುದು. ನಾಯಕ ಕೈ ಎತ್ತಿ ಕೇಳಿದರೆ ರೆಫರಿ, ಇಬ್ಬರು ಅಂಪೈರುಗಳು ಮತ್ತು ಆ ತುದಿಯ ಸಹಾಯಕ ಸ್ಕೋರರ್ ಒಂದೆಡೆ ಸೇರಿ ಮಾತಾಡಿ, ಒಂದು ನಿಮಿಷದೊಳಗೆ ತೀರ್ಪು ಹೇಳಲಿ. ಅದೇ ಕೊನೆಯ ಮಾತು. ಪ್ರೇಕ್ಷಕರ ಮೊಬೈಲಿನಲ್ಲಿ ಸಿಕ್ಕ ವಿಡಿಯೊವನ್ನು ಒಪ್ಪಬೇಡಿ. ಒಂದು ಕೋನದಿಂದ ಸಿಕ್ಕದ್ದು ಇನ್ನೊಂದು ಕೋನದಿಂದ ಸುಳ್ಳಾಗುತ್ತದೆ, ಮತ್ತು ಆ ಮೊಬೈಲ್ ಹೆಚ್ಚಾಗಿ ಒಂದು ತಂಡದವರದೇ ಆಗಿರುತ್ತದೆ.

ನಾಯಕನೊಬ್ಬನೇ ಮಾತಾಡಬೇಕು ಎಂದ ಮೇಲೆ ನಾಯಕ ಅಂಕಣದಲ್ಲಿ ಇರಬೇಕಲ್ಲ. ನಮ್ಮವರು ಮುಖ್ಯ ರೈಡರನ್ನೇ ನಾಯಕ ಮಾಡುತ್ತಾರೆ, ಅವನು ಔಟಾಗಿ ಹೊರಗೆ ಕುಳಿತಾಗ ಒಳಗಿನ ನಾಲ್ವರೂ ಕೂಗುತ್ತಾರೆ. ಮೂಲೆಯಲ್ಲಿ ನಿಲ್ಲುವ ಸಮಾಧಾನದ ಕ್ಯಾಚರನ್ನು (ರೈಡರನ್ನು ಹಿಡಿಯುವವನನ್ನು) ನಾಯಕ ಮಾಡಿ, ಅವನಿಲ್ಲದಾಗ ಮಾತಾಡುವ ಇನ್ನೊಬ್ಬನ ಹೆಸರನ್ನೂ ಹಾಳೆಯಲ್ಲಿ ಬರೆಸಿ.

ತಂಡ ಆರಿಸುವಾಗ

ತೂಕದ ಪಂದ್ಯಾವಳಿಯಾದರೆ, ಅಂದರೆ 60 ಕಿಲೋ, 65 ಕಿಲೋ ಒಳಗಿನವರದ್ದಾದರೆ, ಎಲ್ಲ ತಂಡಗಳನ್ನೂ ಒಂದೇ ಕಾಟಾದ ಮೇಲೆ ನಿಲ್ಲಿಸಿ. ಗಂಗಾವತಿ ಕಡೆ ಭತ್ತದ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಯಾವ ಊರಿನಲ್ಲೂ ಸಿಗುತ್ತದೆ. ಎದುರು ತಂಡದ ನಾಯಕರ ಮುಂದೆಯೇ ತೂಗಿ, ಆಧಾರ್ ಕಾರ್ಡಿನಲ್ಲಿ ಊರನ್ನೂ ನೋಡಿಕೊಳ್ಳಿ. ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ಕರೆತರುವ ಚಾಳಿ ಈಗ ಬಹಳವಾಗಿದೆ. ಪೂರ್ತಿ ತಡೆಯಲಾಗದಿದ್ದರೆ ತಂಡಕ್ಕೆ ಇಬ್ಬರು ಎಂದು ಮಿತಿ ಹಾಕಿ. ಏಳೂ ಜನ ಹೊರಗಿನವರಾದರೆ ಅದು ಯಾವ ಊರಿನ ತಂಡ?

ನಿಮ್ಮ ಊರ ತಂಡವನ್ನು ಆರಿಸುವಾಗ ಹೆಸರು ನೋಡಿ ಆರಿಸಬೇಡಿ, ಎಣಿಸಿ ಆರಿಸಿ. ಅಭ್ಯಾಸದ ಪಂದ್ಯಗಳಲ್ಲಿ ಪ್ರತಿ ರೈಡರನ ದಾಳಿಗಳನ್ನು ಬರೆದುಕೊಳ್ಳಿ: ಎಷ್ಟು ಖಾಲಿ, ಎಷ್ಟರಲ್ಲಿ ಅಂಕ, ಎಷ್ಟರಲ್ಲಿ ಔಟು. ‘ಡೂ ಆರ್ ಡೈ’ನ ಮೂರನೆಯ ದಾಳಿಗೆ ಕಳಿಸಿದಾಗ ಏನು ಮಾಡಿದ ಎಂಬುದನ್ನು ಬೇರೆಯಾಗಿ ಬರೆಯಿರಿ, ಏಕೆಂದರೆ ಏಳು ಜನರ ಎದುರು ಬೋನಸ್ ಕದ್ದು ಬರುವವನೇ ಬೇರೆ, ಬರಿಗೈಯಲ್ಲಿ ಬರಲಾಗದ ಹೊತ್ತಿನಲ್ಲಿ ಮುಟ್ಟಿ ಬರುವವನೇ ಬೇರೆ. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್ಲಿನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿದಾಗ ಬುಲ್ಸ್ ತಂಡದ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅದನ್ನು ನೋಡಿ ಒಬ್ಬ ರೈಡರ್ ಸಾಕೆಂದು ನಂಬಿದ ಊರುಗಳು ಬಹಳ. ಆದರೆ ಗೆಲುವಿನ ಅಂತರ 5 ಅಂಕ, ಉಳಿದ 16 ಅಂಕಗಳು ಬೇರೆಯವರಿಂದ ಮತ್ತು ಎದುರಾಳಿಯ ತಪ್ಪುಗಳಿಂದ ಬಂದವು ಎಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಕ್ಯಾಚರುಗಳನ್ನು ಒಬ್ಬೊಬ್ಬರಾಗಿ ಆರಿಸದೆ ಜೋಡಿಯಾಗಿ ಆರಿಸಿ. ಕೈ ಕೈ ಹಿಡಿದು ನಿಲ್ಲುವ ಮೂಲೆಯವನೂ ಅವನ ಪಕ್ಕದವನೂ ಒಬ್ಬರ ಕಾಲಿನ ಚಲನೆಯನ್ನು ಒಬ್ಬರು ಅರಿತಿರಬೇಕು; ಪಾದ ಹಿಡಿಯಲು ಒಬ್ಬ ಬಗ್ಗಿದ ಕ್ಷಣದಲ್ಲಿ ಇನ್ನೊಬ್ಬ ಸೊಂಟಕ್ಕೆ ಬರದಿದ್ದರೆ ಇಬ್ಬರೂ ಔಟು. ಹಮಾಲಿ ಮಾಡುವ ಹುಡುಗನ ಭುಜ ನೋಡಿ ಮರುಳಾಗುವುದು ಸಹಜ, ಆದರೆ ಆ ಭುಜ ಕೆಲಸಕ್ಕೆ ಬರುವುದು ಪಕ್ಕದವನು ಸಮಯಕ್ಕೆ ತಲುಪಿದಾಗ ಮಾತ್ರ. ಇಬ್ಬರು ಸಮಾನರಾಗಿ ಕಂಡರೆ, ಮುಟ್ಟಿಸಿಕೊಂಡಾಗ ತಾನೇ ಕೈ ಎತ್ತಿ ಹೊರಗೆ ನಡೆಯುವವನನ್ನು ನಾನು ಆರಿಸುತ್ತೇನೆ. ನಿರ್ಣಾಯಕರು ಅಂತಹ ತಂಡದ ಮಾತಿಗೆ ಬೆಲೆ ಕೊಡುತ್ತಾರೆ.

ಮಗನೋ ತಮ್ಮನೋ ಸ್ಪರ್ಧೆಯಲ್ಲಿರುವವರು ಆಯ್ಕೆಗೆ ಕೂರಬಾರದು. ಢಾಲು ಕೊಡಿಸಿದವರ ಹುಡುಗನಿಗೂ ಇದೇ ಅಳತೆ. 12 ಹೆಸರುಗಳನ್ನು ಗುಡಿಕಟ್ಟೆಯ ಮೇಲೆ ಎಲ್ಲರೆದುರು ಓದಿ ಹೇಳಿ, ಸಿಗದವನು ಕೇಳಿದರೆ ಅವನ ದಾಳಿಗಳ ಹಾಳೆಯನ್ನು ಅವನ ಕೈಗೇ ಕೊಡಿ.

ಫೈನಲ್ ಮುಗಿದ ಕೂಡಲೇ, ಜನ ಅಂಕಣಕ್ಕೆ ನುಗ್ಗುವ ಮುಂಚೆ, ಅಂಕದ ಹಾಳೆಗೆ ಇಬ್ಬರೂ ನಾಯಕರ ಮತ್ತು ರೆಫರಿಯ ಸಹಿ ಹಾಕಿಸಿಕೊಳ್ಳಿ. ನಿರ್ಣಾಯಕರ ಗೌರವಧನವನ್ನೂ ಬಸ್ಸಿನ ಖರ್ಚನ್ನೂ ಬಹುಮಾನ ವಿತರಣೆಯ ಭಾಷಣಗಳು ಶುರುವಾಗುವ ಮೊದಲೇ ಅವರ ಕೈಗೆ ಮುಟ್ಟಿಸಿ, ಬೆಳಗಿನ ಮೊದಲ ಬಸ್ಸು ಹತ್ತುವವರೆಗೆ ಸಮಿತಿಯ ಒಬ್ಬರು ಜೊತೆಗಿರಿ.