ಬೀರುವಿನಲ್ಲಿ ಸಿಕ್ಕ ಪಿಎಫ್ ಚೀಟಿ, 58ರ ನಂತರದ ಪೆನ್ಷನ್

ನಾನು ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು. ಪೀಣ್ಯದ ಸುತ್ತಮುತ್ತಲೇ ನಾಲ್ಕು ಕಂಪನಿ ನೋಡಿದೆ. ಎಲ್ಲವೂ ಚಿಕ್ಕವು, ಮೂವತ್ತು ನಲವತ್ತು ಜನ ಇದ್ದಂಥವು. ಪ್ರತಿ ಕಂಪನಿಯಲ್ಲೂ ಹೊಸ ಪಿಎಫ್ ನಂಬರ್ ಕೊಡುತ್ತಿದ್ದರು. ಎಲ್ಲ ಕಂಪನಿಗೂ ಒಂದೇ ನಂಬರ್ ಆಗುವ ಯುಎಎನ್ ಬಂದಿದ್ದೇ 2014ರಲ್ಲಿ. ಅದಕ್ಕೂ ಮೊದಲು ಕೆಲಸ ಬಿಟ್ಟವರ ನಂಬರು ಕಂಪನಿಯ ಜೊತೆಗೇ ಉಳಿದುಬಿಡುತ್ತಿತ್ತು.

2023ರಲ್ಲಿ ನನಗೆ 57 ತುಂಬಿತು. ನಿವೃತ್ತಿಗೆ ಒಂದು ವರ್ಷ ಇತ್ತು. ಕೊನೆಯ ಕಂಪನಿಯ ಪಾಸ್‌ಬುಕ್ ಬಿಟ್ಟರೆ ಬೇರೆ ಯಾವುದರ ಲೆಕ್ಕವೂ ನನ್ನ ಹತ್ತಿರ ಇರಲಿಲ್ಲ. ಮೂರನೆಯದು ಸುಲಭವಾಗಿ ಸಿಕ್ಕಿತು, ಆ ಕಂಪನಿ ಇನ್ನೂ ನಡೆಯುತ್ತಿದೆ. ಎರಡನೆಯದು ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಲ್ಲಿ 2002ರಿಂದ 2006ರವರೆಗೆ ಬರೀ ನಾಲ್ಕು ವರ್ಷ ಇದ್ದೆ. ಅದನ್ನು ಬಿಟ್ಟೇಬಿಡೋಣ ಅಂತಲೂ ಅನ್ನಿಸಿತು.

ಬಿಡದೇ ಇದ್ದದ್ದು ಒಳ್ಳೆಯದಾಯಿತು. ಅದಕ್ಕೆ ಕಾರಣ ಹೇಳುತ್ತೇನೆ.

ನಮ್ಮ ಸಂಬಳದಿಂದ 12% ಹಿಡಿಯುತ್ತಾರೆ, ಕಂಪನಿಯೂ 12% ಹಾಕುತ್ತದೆ. ಕಂಪನಿಯ ಪಾಲಿನಲ್ಲಿ 8.33% ಪೆನ್ಷನ್ ಫಂಡಿಗೆ ಹೋಗುತ್ತದೆ. ಇದೇ 1995ರ ನವೆಂಬರ್‌ನಲ್ಲಿ ಶುರುವಾದ ಇಪಿಎಸ್, ಅಂದರೆ ನೌಕರರ ಪೆನ್ಷನ್ ಯೋಜನೆ. ಪಿಎಫ್ ಅನ್ನುವುದು ಹಣದ ಲೆಕ್ಕ, ಇಪಿಎಸ್ ವರ್ಷಗಳ ಲೆಕ್ಕ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪೆನ್ಷನ್. ಸಂಬಳಕ್ಕೆ ಮಿತಿ ಇದೆ: 2014ರ ಸೆಪ್ಟೆಂಬರ್‌ನಿಂದ ಈಚಿನ ಸೇವೆಗೆ 15,000, ಅದಕ್ಕಿಂತ ಹಿಂದಿನದಕ್ಕೆ 6,500. ಗಮನಿಸಿ, ಆಗ ನನ್ನ ಸಂಬಳ ಐದು ಸಾವಿರದ ಹತ್ತಿರ ಇದ್ದರೂ ಆ ವರ್ಷಗಳಿಗೆ ಈಗ 6,500ರ ಲೆಕ್ಕವೇ ಸಿಗುತ್ತದೆ. ಇನ್ನೊಂದು, 58ಕ್ಕೆ ನಿವೃತ್ತಿ ಆಗುವಾಗ ಸೇವೆ 20 ವರ್ಷ ತುಂಬಿದ್ದರೆ 2 ವರ್ಷ ಹೆಚ್ಚಿಗೆ ಸೇರಿಸುತ್ತಾರೆ. ನನ್ನ ಮೂರನೇ, ನಾಲ್ಕನೇ ಕಂಪನಿ ಸೇರಿದರೆ ಹದಿನೇಳೂವರೆ ವರ್ಷ. ಆ ನಾಲ್ಕು ವರ್ಷ ಸೇರಿದರೆ ಇಪ್ಪತ್ತೊಂದು ದಾಟುತ್ತದೆ!

ಆ ಎರಡನೇ ಕಂಪನಿಯ ಪಿಎಫ್ ಚೀಟಿ ಸಿಕ್ಕಿದ್ದು ಬೀರುವಿನ ಕೆಳಗಿನ ಖಾನೆಯಲ್ಲಿ, ಎಲ್‌ಐಸಿ ಬಾಂಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ. ಕವರಿಗೆ ಅಂಟಿಕೊಂಡು ಅರ್ಧ ಅಕ್ಷರ ಪ್ಲಾಸ್ಟಿಕ್ಕಿಗೇ ಹತ್ತಿಬಿಟ್ಟಿತ್ತು. ಕವರನ್ನು ಬೆಳಕಿಗೆ ಹಿಡಿದು, ಕನ್ನಡಿಯಲ್ಲಿ ಓದುವ ಹಾಗೆ ಓದಿ ನಂಬರ್ ಬರೆದುಕೊಂಡೆ. ಕೊನೆಯ ಅಂಕಿ 3 ಇರಬಹುದು, 8 ಇರಬಹುದು. ಎರಡನ್ನೂ ಬರೆದುಕೊಂಡು ಪಿಎಫ್ ಆಫೀಸಿಗೆ ಹೋದೆ. 8 ಆಗಿತ್ತು.

ನಂಬರ್ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದಾಖಲೆಯಲ್ಲಿ ನನ್ನ ಹೆಸರಿಗೆ ಇನಿಷಿಯಲ್ ಇರಲಿಲ್ಲ. ಕೆಲಸ ಬಿಟ್ಟ ದಿನಾಂಕದ ಜಾಗ ಖಾಲಿ. ಬಿಟ್ಟ ದಿನಾಂಕ ಇಲ್ಲದಿದ್ದರೆ ಸೇವೆ ಎಷ್ಟು ಅಂತ ಲೆಕ್ಕ ಹಾಕುವುದಾದರೂ ಹೇಗೆ? ತುಂಬಿಕೊಡಬೇಕಾದ ಕಂಪನಿಯೇ ಇಲ್ಲ. ಕೊನೆಗೆ ದಾಖಲೆ ತಿದ್ದಿಸಲು ಕೊಡುವ ಜಾಯಿಂಟ್ ಡಿಕ್ಲರೇಷನ್ ಬರೆದು, ಹಳೇ ರಿಲೀವಿಂಗ್ ಲೆಟರ್ ಮತ್ತು ಆಧಾರ್ ಜೊತೆಗಿಟ್ಟು, ಬ್ಯಾಂಕ್ ಮ್ಯಾನೇಜರ್ ಹತ್ತಿರ ಸಹಿ ಮಾಡಿಸಿ ಕೊಟ್ಟೆ. ಒಂದು ಸಲ ವಾಪಸ್ ಬಂತು, ತಪ್ಪು ನನ್ನದೇ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ನಾನು ಬರೆದದ್ದು ಮುಂದೆ. ಪಿಎಫ್ ಕೆಲಸಕ್ಕೆ ಕೈ ಹಾಕುವವರು ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಐದು ತಿಂಗಳಿಗೆ ಖಾತೆ ನನ್ನ ಯುಎಎನ್‌ಗೆ ಸೇರಿತು. ಒಂದು ಲಕ್ಷದ ಹದಿನೆಂಟು ಸಾವಿರ ಚಿಲ್ಲರೆ ಬಂತು. ಆದರೆ ಪಾಸ್‌ಬುಕ್ಕಿನಲ್ಲಿ ಪೆನ್ಷನ್ ಕಾಲಂ ಎದುರು ಸೊನ್ನೆ! ನನಗೆ ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ಟ್ರಾನ್ಸ್‌ಫರ್ ಆದಾಗ ಪೆನ್ಷನ್ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಬರುವುದಿಲ್ಲ, ಸೇವೆಯ ಲೆಕ್ಕ ಮಾತ್ರ ಬರುತ್ತದೆ. ಅದನ್ನು ನೋಡಬೇಕಾದ್ದು ಅನೆಕ್ಶರ್-ಕೆ ಅನ್ನುವ ಹಾಳೆಯಲ್ಲಿ. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಸರಿ ಇದ್ದವು.

ಇನ್ನು ಮೊದಲನೇ ಕಂಪನಿ. ಅಲ್ಲಿ ಐದು ವರ್ಷ ಇದ್ದೆ. 2001ರಲ್ಲಿ ಬಿಟ್ಟಾಗ ಪಿಎಫ್ ಜೊತೆಗೆ 10ಸಿ ಫಾರಂ ತುಂಬಿ ಪೆನ್ಷನ್ ಪಾಲನ್ನೂ ತೆಗೆದುಕೊಂಡುಬಿಟ್ಟೆ. ಹದಿನಾಲ್ಕು ಸಾವಿರ ಬಂದಿತ್ತು, ಕಲರ್ ಟಿವಿ ತಂದೆವು. ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ತಗೊಂಡಿದ್ದರೆ ಆ ವರ್ಷಗಳು ಉಳಿಯುತ್ತಿದ್ದವು. ಐದು ವರ್ಷ, 6,500, ಭಾಗಿಸು 70: ತಿಂಗಳಿಗೆ 464 ರೂಪಾಯಿ, ಜೀವನಪೂರ್ತಿ. ಆಗ ಯಾರೂ ಹೇಳಲಿಲ್ಲ. ಹೇಳಿದ್ದರೂ ಟಿವಿಯನ್ನೇ ತರುತ್ತಿದ್ದೆನೋ ಏನೋ.

ನಿವೃತ್ತಿ ಆದಮೇಲೆ ಗೆಳೆಯರೊಬ್ಬರು, "60ರವರೆಗೆ ಕಾಯ್ರೀ, ವರ್ಷಕ್ಕೆ 4% ಜಾಸ್ತಿ ಕೊಡ್ತಾರೆ" ಅಂದರು. ಅವರು ಹೇಳಿದ್ದು ನಿಜವೇ. ಆದರೂ ಲೆಕ್ಕ ಹಾಕಿದೆ. ನನ್ನ ಪೆನ್ಷನ್ 3,400ರ ಆಸುಪಾಸು. ಎರಡು ವರ್ಷ ಕಾದರೆ ತಿಂಗಳಿಗೆ ಸುಮಾರು 280 ಹೆಚ್ಚು. ಆದರೆ ಆ ಎರಡು ವರ್ಷದಲ್ಲಿ ಕೈಬಿಡುವುದು 81,600. ಅದು ತುಂಬಿಬರಲು 24 ವರ್ಷ ಬೇಕು, ಅಂದರೆ ನನಗೆ 84 ಆಗಬೇಕು. ಬೇಡ ಅಂದುಕೊಂಡು 58ಕ್ಕೇ ಪೆನ್ಷನ್ ಕೇಳುವ 10ಡಿ ಫಾರಂ ಹಾಕಿದೆ. 50ರ ನಂತರ ಬೇಗ ತೆಗೆದುಕೊಳ್ಳುವವರಿಗೆ ಇದೇ 4% ವರ್ಷಕ್ಕೆ ಕಡಿತ, ಅದು ಸಾಯುವವರೆಗೂ ಹಾಗೇ ಇರುತ್ತದೆ. ಬೇರೆ ದಾರಿ ಇಲ್ಲದವರು ಮಾತ್ರ ಆ ಕಡೆ ಹೋಗಬೇಕು ಅನ್ನುವುದು ನನ್ನ ಅನಿಸಿಕೆ.

10ಡಿಗೆ ಗಂಡ ಹೆಂಡತಿ ಒಟ್ಟಿಗಿರುವ ಫೋಟೋ ಕೊಟ್ಟೆ. ನಾನು ಹೋದಮೇಲೆ ಅರ್ಧ ಪೆನ್ಷನ್ ಅವಳಿಗೆ ಬರುತ್ತದೆ. ಸ್ಟುಡಿಯೋದಲ್ಲಿ ಕೂತಾಗ ನಮ್ಮವಳು, "ಮದುವೆ ಆದ್ಮೇಲೆ ಇಬ್ರೂ ಒಟ್ಟಿಗೆ ಫೋಟೋ ತೆಗೆಸ್ಕೊಂಡಿದ್ದೇ ಇಲ್ಲ ನೋಡಿ, ಪಿಎಫ್‌ನೋರು ಹೇಳ್ಬೇಕಾಯ್ತು" ಅಂದಳು.

ಪಿಎಫ್ ಹಣ ಅಲ್ಲೇ ಇದ್ದರೆ 8.25% ಬಡ್ಡಿ ಬರುತ್ತದಲ್ವಾ, ಸುಮ್ನೆ ಬಿಡೋಣ ಅಂತ ಇದ್ದೆ. ಆದರೆ ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ, ಮೂರು ವರ್ಷ ಆದಮೇಲೆ ಬಡ್ಡಿಯೇ ನಿಲ್ಲುತ್ತದೆ. ಹಾಗಾಗಿ ತೆಗೆದು ದೊಡ್ಡ ಪಾಲನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. 8.2%, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ. 60 ಆಗದಿದ್ದರೂ, 55 ದಾಟಿ ನಿವೃತ್ತಿಯಾದವರು ಹಣ ಬಂದ ಮೂರು ತಿಂಗಳೊಳಗೆ ಹಾಕಬಹುದು. ಕಂಪನಿಯಿಂದ ಒಂದು ಸರ್ಟಿಫಿಕೇಟ್ ಬೇಕು. ಬೀಳ್ಕೊಡುಗೆ ದಿನವೇ ಕೇಳಿ ಇಸಿದುಕೊಂಡಿದ್ದೆ.

ಬದುಕಿದ್ದೇವೆ ಅಂತ ತೋರಿಸುವ ಜೀವನ್ ಪ್ರಮಾಣ್ ಪತ್ರ ವರ್ಷಕ್ಕೊಮ್ಮೆ ಕೊಡಬೇಕು. ಎಲ್ಲರೂ ನವೆಂಬರ್ ಅನ್ನುತ್ತಾರೆ, ಇಪಿಎಸ್‌ನವರಿಗೆ ಹಾಗಿಲ್ಲ. ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಫೋನಿನಲ್ಲಿ ಮುಖ ತೋರಿಸಿದರೂ ಆಗುತ್ತದೆ, ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ ಅಷ್ಟೇ. ಪಿಪಿಒ, ಅಂದರೆ ಪೆನ್ಷನ್ ಆದೇಶದ ನಂಬರನ್ನು ಬೀರುವಿನ ಬಾಗಿಲ ಒಳಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ, ಈ ಸಲ ಪ್ಲಾಸ್ಟಿಕ್ ಕವರ್ ಇಲ್ಲದೆ.