ಪೂರ್ವಘಟ್ಟದ ಬಂಗಾರದ ಹಲ್ಲಿಯನ್ನು ನೋಡುವ ಕ್ರಮ

ಬಂಗಾರದ ಹಲ್ಲಿ ಎಂದೊಡನೆ ಹಲವರಿಗೆ ಕಂಚಿಯ ವರದರಾಜಸ್ವಾಮಿ ದೇವಾಲಯದಲ್ಲಿ ಭಕ್ತರು ಮುಟ್ಟಿ ನಮಸ್ಕರಿಸುವ ಲೋಹದ ಹಲ್ಲಿ ನೆನಪಾಗುತ್ತದೆ; ಆದರೆ ಜೀವಂತವಾದ ಬಂಗಾರದ ಹಲ್ಲಿಯೊಂದು ಪೂರ್ವಘಟ್ಟದಲ್ಲಿದ್ದು, ಜಗತ್ತಿನಲ್ಲಿ ಬೇರೆಲ್ಲಿಯೂ ಅದರ ನೆಲೆಯಿಲ್ಲ. 1870ರಲ್ಲಿ ಬ್ರಿಟಿಷ್ ಪ್ರಕೃತಿತಜ್ಞ ಬೆಡ್ಡೋಮ್ ವಿವರಿಸಿದ ಈ ಪ್ರಭೇದವು ಬಹುಕಾಲ ಕಣ್ಮರೆಯಾಗಿದ್ದು, 1980ರ ದಶಕದಲ್ಲಿ ತಿರುಮಲ ಬೆಟ್ಟಗಳಲ್ಲಿ ಮತ್ತೆ ದಾಖಲಾಯಿತು. ಇದರ ವೈಜ್ಞಾನಿಕ ಹೆಸರು ಕ್ಯಾಲೊಡ್ಯಾಕ್ಟೈಲೋಡಿಸ್ ಆರಿಯಸ್.

ನೋಡಲು ಹೊರಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ತಿರುಮಲ ಬೆಟ್ಟಗಳನ್ನೊಳಗೊಂಡ ಶೇಷಾಚಲ ಶ್ರೇಣಿಯ ಒಂದು ಭಾಗ ಶ್ರೀ ವೆಂಕಟೇಶ್ವರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಅಲ್ಲಿ ಚಿರತೆಗಳೂ ಇರುವುದರಿಂದ ಒಂಟಿಯಾಗಿ ಅಲೆಯುವುದು ಸರಿಯಲ್ಲ.

ಹೊಸಬರು ಹಲ್ಲಿಯನ್ನೇ ಹುಡುಕುತ್ತಾ ಕತ್ತಲಲ್ಲಿ ಸಮಯ ಕಳೆಯುವುದಕ್ಕಿಂತ, ಹಗಲಿನಲ್ಲಿ ಮೊಟ್ಟೆಗಳ ಗುರುತನ್ನು ಹುಡುಕುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ತೊರೆಯ ಬದಿಯಲ್ಲಿ, ಮುಂಚಾಚಿದ ಬಂಡೆಯ ಕೆಳಮೈಯಲ್ಲಿ, ಮಳೆ ಬಿಸಿಲು ತಾಗದ ನೆರಳಿನ ಜಾಗವನ್ನು ನಿಧಾನವಾಗಿ ಗಮನಿಸಬೇಕು. ಅನೇಕ ಹೆಣ್ಣುಗಳು ಒಂದೇ ಬಂಡೆಯನ್ನು ಆರಿಸಿಕೊಂಡು ಮೊಟ್ಟೆಯಿಡುತ್ತವೆ. ಇಡುವಾಗ ಮೆತ್ತಗಿರುವ ಮೊಟ್ಟೆ ಕಲ್ಲಿಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಮರಿ ಹೊರಬಂದ ಮೇಲೂ ಚಿಪ್ಪಿನ ಬುಡವು ಸುಣ್ಣದ ಬಿಳಿ ಬಳೆಯಂತೆ ಬಹುಕಾಲ ಉಳಿಯುತ್ತದೆ. ಹಳೆಯ ಬಳೆಗಳ ನಡುವೆ ಇಡಿಯಾದ ಬಿಳಿ ಮೊಟ್ಟೆಗಳು ಕಂಡರೆ ಆ ತಾಣ ಈಗಲೂ ಬಳಕೆಯಲ್ಲಿದೆ ಎಂದು ತಿಳಿಯಬಹುದು. ಮೊಟ್ಟೆಯನ್ನು ಕಿತ್ತರೆ ಚಿಪ್ಪು ಒಡೆಯುತ್ತದೆ, ಆದ್ದರಿಂದ ಬೆರಳು ಸಹ ತಾಗಿಸಬಾರದು.

ಕತ್ತಲಾದ ಮೇಲೆ ಅದೇ ಬಂಡೆಯಿಂದ ದೂರದಲ್ಲಿ ನಿಂತು, ಮಂದ ಬೆಳಕಿನ ಟಾರ್ಚನ್ನು ಬಿರುಕುಗಳ ಅಂಚಿಗೆ ಹಾಯಿಸಬೇಕು. ಎಲ್ಲವೂ ಹಳದಿಯಾಗಿ ಹೊಳೆಯುತ್ತವೆ ಎಂದು ನಿರೀಕ್ಷಿಸಬೇಡಿ: ಬಂಗಾರದ ಬಣ್ಣ ಸಂತಾನಕಾಲದ ಗಂಡಿನದು, ಹೆಣ್ಣು ಮತ್ತು ಮರಿಗಳು ಕಲ್ಲಿನೊಂದಿಗೆ ಬೆರೆತುಹೋಗುವ ಕಂದು. ಹೀಗಾಗಿ ಬಣ್ಣಕ್ಕಿಂತ ಪಾದವನ್ನು ನಂಬುವುದು ಒಳಿತು. ಪ್ರತಿ ಬೆರಳಿನ ತುದಿ ಅಗಲವಾಗಿ ಹರಡಿದ್ದು, ಅದರಡಿಯಲ್ಲಿ ಜೋಡಿಯಾದ ಅಂಟುಫಲಕಗಳಿರುತ್ತವೆ. ದೂರದರ್ಶಕದಲ್ಲಿ ಬೆರಳಿನ ಅಗಲವಾದ ತುದಿ ಚೆನ್ನಾಗಿ ಕಾಣುತ್ತದೆ.

ಈ ಹಲ್ಲಿಗಳಿಗೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲದ ಕಾರಣ ಫ್ಲ್ಯಾಶ್ ಬಳಸದಿರುವುದು, ಬೆಳಕನ್ನು ಒಂದೇ ಕಡೆ ನಿಲ್ಲಿಸದಿರುವುದು ಅಗತ್ಯ. ಕಲ್ಲನ್ನು ಮಗುಚಬಾರದು, ಬಿರುಕಿಗೆ ಕಡ್ಡಿ ತೂರಬಾರದು. ಹಿಡಿಯುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಚಿತ್ರವನ್ನು ಹಂಚಿಕೊಳ್ಳುವುದಾದರೆ ಫೋನ್ ದಾಖಲಿಸಿದ ಸ್ಥಳದ ವಿವರವನ್ನು ಅಳಿಸಿ, ಜಿಲ್ಲೆಯ ಹೆಸರನ್ನಷ್ಟೇ ಬರೆಯಿರಿ, ಏಕೆಂದರೆ ಅನೇಕ ಹೆಣ್ಣುಗಳು ಒಂದೆಡೆ ಮೊಟ್ಟೆಯಿಡುವ ಪ್ರಾಣಿಗೆ ಒಂದು ಬಂಡೆಯ ಗುಟ್ಟು ಬಯಲಾದರೂ ಇಡೀ ಪೀಳಿಗೆಗೆ ಅಪಾಯ.